ಒಪ್ಪದ ಕುರ್ಚಿಗಳು

ದೀಪದ ಗೊಂಚಲಿನ ಹರಳಿಗೆ ಬಿಸಿಲು ತಾಗಿ ಗೋಡೆಯ ಮೇಲೆ ಬಣ್ಣದ ಚುಕ್ಕೆಯೊಂದು ನಡುಗುತ್ತಿದೆ, ನಿನ್ನೆಯೂ ನಡುಗಿರಬೇಕು, ನಿನ್ನೆ ಹಜಾರದ ತುಂಬ ಜನ, ಯಾರು ನೋಡಿದರು — ಗಂಡನನ್ನು ಮಣ್ಣು ಮಾಡಿ ಬಂದವರೆಲ್ಲ ಹೊರಟುಹೋದ ಮೇಲೆ ಇದು ಮೊದಲ ಮಾಮೂಲಿ ಬೆಳಗು, ಹಾಲು ಉಕ್ಕಿತು, ಒಲೆ ಒರೆಸಿದಳು, ಒಂದು ಕಡೆ ಕೂತ್ಕೋಬಾರ್ದೇನಮ್ಮ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ, ಒಳಗಿನಿಂದ ಅತ್ತೆ, ಕೂತಳು, ಮಖಮಲ್ಲಿನ ಕುರ್ಚಿಯಲ್ಲಿ, ಎದ್ದಳು, ಸಿಂಹದ ಪಾದದ ಕುರ್ಚಿಯಲ್ಲಿ, ಎದ್ದಳು, ಇದೇನು ಮನೆಯೋ ಅಂಗಡಿಯೋ ಎಂದು ಅವಳು ಕೇಳಿದಾಗ ಅವನು ನಕ್ಕಿದ್ದ, ಹೊಸ ಕುರ್ಚಿಯ ಪ್ಲಾಸ್ಟಿಕ್ ಹಾಳೆಯನ್ನು ಎದೆಗವಚಿಕೊಂಡು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮುಖವೆತ್ತಿ, ಹೇಗಿದೆ ಹೇಳು, ಚೆನ್ನಾಗಿದೆ, ಅಷ್ಟಂದು ಎದ್ದು ಕಿಟಕಿಯ ಪಕ್ಕದ ಹಳೇ ಬೆತ್ತದ ಕುರ್ಚಿಗೆ ಹೋಗಿ ಪುಸ್ತಕ ಹಿಡಿದಿದ್ದಳು, ಪ್ರತಿ ಸಲವೂ ಹಾಗೇ, ಕಾದಂಬರಿಗಳಲ್ಲಿ ಬರುವ ವೈಭವದ ಮನೆಗಳ ಬಗ್ಗೆ ಬರೆದು ಡಾಕ್ಟರೇಟ್ ಪಡೆದವಳು, ಮನೆ ನೋಡಿದರೆ ಯಜಮಾನ ಎಂಥವನೆಂದು ತಿಳಿಯುತ್ತದೆ, ಕೂರುವವರಿಗಿಂತ ಕುರ್ಚಿಗಳೇ ಹೆಚ್ಚಿರುವ ಹಜಾರ ಟೊಳ್ಳು ಮನುಷ್ಯನದು, ತರಗತಿಯಲ್ಲಿ ಹೇಳುತ್ತಿದ್ದಳು, ಒಮ್ಮೆ ಊಟಕ್ಕೆ ಕೂತಾಗ ಅವನೆದುರಿಗೂ ಹೇಳಿದಳು, ಅವನು ಉಪ್ಪು ಕೇಳಿದ.

ಕರೆಗಂಟೆ, ಎದುರು ಸಾಲಿನ ದರ್ಜಿ, ಕೊರಳಲ್ಲಿ ಅಳತೆ ಟೇಪು ಹಾಗೇ ಇದೆ, ಬೇಜಾರು ಮಾಡ್ಕೋಬೇಡಿ ತಾಯಿ, ಇಂಥ ಹೊತ್ತಲ್ಲಿ ಕೇಳಬಾರ್ದು, ಆ ಬೆತ್ತದ ಕುರ್ಚಿ ನಮ್ಮಂಗಡೀದು, ಬಂದವರು ನಿಂತೇ ಇರ್ತಾರೆ — ನಿಮ್ಮದಾ, ಇಲ್ಲಿಗೆ ಹೇಗೆ ಬಂತು — ನಿಮಗೆ ಗೊತ್ತಿಲ್ವಾ, ಬಟ್ಟೆ ಅಳತೆ ಕೊಡೋಕೆ ಬಂದಾಗ ಅದರಲ್ಲಿ ಕೂತು ಬೆನ್ನುನೋವೇ ಮರೆತೋಯ್ತು ಅಂದ್ರಲ್ಲ ನೀವು, ಸಂಜೆಗೆ ಸಾರ್ ಬಂದ್ರು, ಅಪ್ಪನ ಕಾಲದ್ದು, ಮಾರಲ್ಲ ಅಂದೆ, ಹಾಗಾದ್ರೆ ಸ್ವಲ್ಪ ದಿನಕ್ಕೆ ಕೊಟ್ಟಿರಿ, ಹೊಸದೊಂದು ಅವಳ ಬೆನ್ನಿಗೆ ಒಪ್ಪಿದ ದಿನ ವಾಪಸ್ ಅಂದ್ರು, ಗಾಡಿಯಿಂದ ಕುರ್ಚಿ ಇಳಿಸಿದಾಗೆಲ್ಲ ನನ್ನ ಕಡೆ ಕೂಗೋರು, ನಾಳೆ ನಿಮ್ಮದು ಬಂತು ಅಂತ್ಲೇ ತಿಳ್ಕೊಳ್ಳಿ, ಮಾರನೇ ದಿನ ಸಪ್ಪೆ ಮೋರೆ, ಏನ್ ಸಾರ್, ಈ ಸಲಾನೂ ಫೇಲಾ ಅಂತ ನಾವು ನಗೋದು — ಅವನೂ ನಗುತ್ತಿದ್ದನೇ, ನಗುತ್ತಿದ್ದಿರಬೇಕು, ಮನೆಗೆ ಬಂದು ಕೈ ತೊಳೆಯುತ್ತಿದ್ದ, ಮಖಮಲ್ಲು, ಸಿಂಹದ ಪಾದ, ಎತ್ತರದ ಬೆನ್ನಿನ ಆ ನೀಲಿಯದು, ಒಂದರಲ್ಲಾದರೂ ಪುಟ ಮಗುಚುವಷ್ಟು ಹೊತ್ತು ಕೂತಿದ್ದಳೇ, ಅದೊಂದೇ ತಾನೇ ನಿನಗಾಗೋದು, ಕೊಡಬೇಡ್ವೇ ತಾಯಿ, ಅತ್ತೆ ಬಾಗಿಲಿಗೆ ಬಂದು ಬೇಡುತ್ತಿದ್ದಾರೆ, ಅವಳು ಕುರ್ಚಿ ಎತ್ತಿಯಾಗಿದೆ, ಬಿಡಿ ತಾಯಿ ನಾನು ಹಿಡ್ಕೋತೀನಿ, ಬಿಡಲಿಲ್ಲ, ಅವನಿದ್ದಿದ್ದರೆ ತಾನೇ ಹೊತ್ತು ತಂದು ಕೊಡುತ್ತಿದ್ದ, ರಸ್ತೆ, ಹಾರ್ನು, ಮೆಟ್ಟಿಲು, ಅಂಗಡಿಯ ಕನ್ನಡಿಯ ಪಕ್ಕ ಇಳಿಸಿದಳು, ಅಂತೂ ಒಂದು ಒಪ್ಪಿತು ಅನ್ನಿ, ಯಾವುದು ತಾಯಿ, ದರ್ಜಿ ಕೇಳುತ್ತಾನೆ, ಸುಮ್ಮನೆ, ಮಾತಿಗೆ, ಅವಳು ಬಾಯಿ ತೆರೆಯುತ್ತಾಳೆ, ಯಾವುದು — ಕುಕ್ಕರಗಾಲು, ಎದೆಗವಚಿದ ಪ್ಲಾಸ್ಟಿಕ್ ಹಾಳೆ, ಎತ್ತಿದ ಮುಖ — ಯಾವುದು — ಎತ್ತಿದ ಮುಖ —