ನಕ್ಷತ್ರದ ಕೌದಿ

"ಕೈ ತೆಗಿ ಆ ಮಿಷಿನ್ ಮೇಲಿಂದ! ಕುಡುಕರ ಸಂತತಿ, ಎಲ್ಲಿ ನೋಡಿದ್ರೂ ಕೈಯೇ!"

ಮಾರ್ವೀನ್ ಒರೆಸುವ ಬಟ್ಟೆಯನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. ಹನ್ನೊಂದು ವರ್ಷದಿಂದ ಈ ಜೂಜುಮನೆಯ ಮಿಷಿನ್ ಗಾಜು ಒರೆಸಿದವಳಿಗೆ ಇವತ್ತು ಅದನ್ನು ಮುಟ್ಟುವುದೂ ತಪ್ಪಾಗಿತ್ತು. ಬೈದವನು ರಾಜ್ಯ ಸರ್ಕಾರದ ಅಧಿಕಾರಿ ಕಲ್ವರ್. ಅವನ ಕೈಯಲ್ಲಿ ಸೀಲು ಹಾಕುವ ಕೆಂಪು ಪಟ್ಟಿಯ ಸುರುಳಿ ಇತ್ತು.

ಅಮೆರಿಕದ ಮೂಲನಿವಾಸಿ ಬುಡಕಟ್ಟಿನವರು ತಮ್ಮದೇ ನೆಲದಲ್ಲಿ ಜೂಜಾಡಿಸಲು ರಾಜ್ಯದ ಜೊತೆ ಒಪ್ಪಂದ ಬೇಕು, ಒಪ್ಪಂದಕ್ಕೆ ಪಾಲು ಕೊಡಬೇಕು. ಆ ಪಾಲಿನಲ್ಲಿ ರಾಜಧಾನಿಯವರು ರಸ್ತೆ ಹಾಕಿಕೊಂಡರು, ಶಾಲೆ ಕಟ್ಟಿಕೊಂಡರು. ಇಲ್ಲಿನ ರಸ್ತೆ ಇನ್ನೂ ಮಣ್ಣಿನದೇ. ಈ ವರ್ಷ ಬೊಕ್ಕಸ ಬರಿದಾಯಿತಂತೆ, ದುಪ್ಪಟ್ಟು ಪಾಲು ಬೇಕಂತೆ. ಹಳೆಯ ಒಪ್ಪಂದ ಇವತ್ತು ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಹೊಸದಕ್ಕೆ ಸಹಿ ಹಾಕದಿದ್ದರೆ ಮಿಷಿನ್‌ಗಳಿಗೆ ಸೀಲು. ಹಾಕಿದರೆ ಪಕ್ಕದ ಆಸ್ಪತ್ರೆಗೆ ಬೀಗ, ಅದು ನಡೆಯುವುದೇ ಜೂಜಿನ ದುಡ್ಡಲ್ಲಿ ಪಾಲು ಕೊಟ್ಟು ಉಳಿದದ್ದರಲ್ಲಿ.

ಆ ಆಸ್ಪತ್ರೆಯಲ್ಲಿ ಮಾರ್ವೀನಳ ತಾಯಿ ಆರ್ಡಿಸ್‌ಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅದು ಬಿಟ್ಟರೆ ಇನ್ನೊಂದು ಇರುವುದು ನೂರೈವತ್ತು ಮೈಲಿ ಆಚೆ. ಅಮ್ಮ ಸತ್ತುಹೋಗುತ್ತಾಳೆ.

ಸಾಲದ್ದಕ್ಕೆ ತಪ್ಪು ಮಾಡಿದವಳೂ ಅವಳೇ. ದೂರದಿಂದ ಬಂದವರಿಗೆ ನಕ್ಷತ್ರದ ಕೌದಿ, ನಡುವೆ ದೊಡ್ಡ ನಕ್ಷತ್ರ ಹೊಲಿದದ್ದು, ಹೊದಿಸುವುದು ಈ ಬುಡಕಟ್ಟಿನ ಲಕೋಟ ಜನರ ಪದ್ಧತಿ, ಬಂದವನು ಬೇಡದವನಾದರೂ ಬಿಡುವಂತಿಲ್ಲ. ಅಮ್ಮ ಚಳಿಗಾಲವಿಡೀ ಕೂತು ಹೊಲಿದದ್ದನ್ನು ಮಾರ್ವೀನ್ ಬೆಳಗ್ಗೆ ಕಲ್ವರನ ಹೆಗಲಿಗೆ ಹೊದಿಸಿದ್ದಳು. ಅವನು ಮೈಮೇಲೆ ಹಾವು ಬಿದ್ದವನಂತೆ ಕೊಡವಿ ಎದ್ದಿದ್ದ. "ಲಂಚ!" ಅಂದಿದ್ದ. ಕೌದಿ ಪ್ಲಾಸ್ಟಿಕ್ ಚೀಲ ಸೇರಿತು, ಸಾಕ್ಷಿ ಅಂತ ಚೀಲಕ್ಕೆ ನಂಬರು ಬಿತ್ತು.

ಈಗ ಕಲ್ವರ್ ಅದೇ ಚೀಲವನ್ನು ಬುಡಕಟ್ಟಿನ ಅಧ್ಯಕ್ಷ ವರ್ಡೆಲ್‌ನ ಮುಂದೆ ಮೇಜಿಗೆ ಎಸೆದ.

"ಸಹಿ ಹಾಕು. ಇಲ್ಲಾಂದ್ರೆ ಲಂಚದ ಕೇಸಲ್ಲಿ ಈ ಹೆಂಗಸನ್ನ ಒಳಗೆ ಹಾಕಿಸ್ತೀನಿ."

"ಅದು ಮರ್ವಾದೆ ಸ್ವಾಮಿ, ಲಂಚ ಅಲ್ಲ," ಅಂದ ವರ್ಡೆಲ್.

"ನಿಮ್ಮ ಜನದ ಮರ್ಯಾದೆ ನೋಡಿದೀನಿ, ಹಾಕೋ."

ವರ್ಡೆಲ್ ಪೆನ್ನು ಎತ್ತಿಕೊಂಡು ಮಾರ್ವೀನಳ ಕಡೆ ನೋಡಿದ. "ಏನ್ ಮಾಡ್ಲಿ ತಂಗ್ಯವ್ವಾ? ಹಾಕುದ್ರೂ ನಿಮ್ಮವ್ವ ಸಾಯ್ತಾಳೆ, ಹಾಕ್ದಿದ್ರೂ ಸಾಯ್ತಾಳೆ. ಹಾಕುದ್ರೆ ನೀನಾದ್ರೂ ಉಳ್ಕೋತೀಯ."

ಬೇಡ ಅನ್ನಬೇಕು. ಒರೆಸುವ ಬಟ್ಟೆಯನ್ನೇ ಮಡಚುತ್ತ ನಿಂತಳು. ಉಚ್ಚೆ ಹೋಗುವಷ್ಟು ಹೆದರಿದ್ದಳು ಮಾರ್ವೀನ್.

ಆಸ್ಪತ್ರೆ ಕಡೆಯ ಬಾಗಿಲು ತೆರೆಯಿತು. ತೋಳಲ್ಲಿ ಡಯಾಲಿಸಿಸ್ ಸೂಜಿ ಕಿತ್ತ ಜಾಗಕ್ಕೆ ಹತ್ತಿ ಒತ್ತಿಕೊಂಡು, ಗೋಡೆ ಸವರುತ್ತ ಆರ್ಡಿಸ್ ಬಂದಳು.

"ಯಾವನ್ಲಾ ನನ್ ಕೌದೀನ ಚೀಲಕ್ಕೆ ತುಂಬ್ದೋನು?"

"ಸುಮ್ಕಿರವ್ವಾ, ಜೈಲು ಅಂತಾವ್ನೆ!" ಅಂದಳು ಮಾರ್ವೀನ್.

"ಹೊಲ್ದೋಳು ನಾನು, ಕೊಡು ಅಂದೋಳೂ ನಾನು. ನನ್ನ ಎಳ್ಕೊಂಡ್ ಹೋಗ್ಲಿ. ಡಯಾಲಿಸಿಸ್ ನಿಂತ್ರೆ ನಾನಿರೋದು ಹತ್ತು ದಿನ. ಎಷ್ಟ್ ವರ್ಸ ಹಾಕ್ತೀಯಪ್ಪಾ ಒಳೀಕೆ?"

ವರ್ಡೆಲ್ ಪೆನ್ನು ಕೆಳಗಿಟ್ಟ. ಎರಡು ಗಂಟೆಯಾಗಿತ್ತು.

ಕಲ್ವರ್ ಪಟ್ಟಿ ಹರಿದುಕೊಂಡು ಮೊದಲ ಮಿಷಿನ್ ಕಡೆ ನಡೆದ. ಅವನಿಗಿಂತ ಮೊದಲೇ ಆರ್ಡಿಸ್ ಅದರ ಮುಂದಿನ ಕುರ್ಚಿಯಲ್ಲಿ ಕುಸಿದು ಗಾಜಿಗೆ ಬೆನ್ನು ಕೊಟ್ಟಳು.

"ಕೌದಿ ತತ್ತಾ ಮಗಾ."

ಅಮ್ಮ ಇನ್ನೊಮ್ಮೆ ಕರೆದಾಗ ಮಾರ್ವೀನ್ ಮೇಜಿನ ಹತ್ತಿರ ಹೋದಳು. ಚೀಲ ಹಲ್ಲಿನಿಂದ ಹರಿದು, ಕೌದಿ ತೆಗೆದು ಅಮ್ಮನಿಗೆ ಹೊದಿಸಿದಳು. ಅಮ್ಮ ಅದನ್ನು ಗದ್ದದವರೆಗೆ ಎಳೆದುಕೊಂಡಳು. ಲಕೋಟ ಜನರಲ್ಲಿ ಹೆಣಕ್ಕೂ ಹೊದಿಸುವುದು ಇದನ್ನೇ.

"ಈಗ ಅಂಟಿಸ್ಲಾ ಬೋಳಿಮಗನೆ. ಮಿಷಿನ್ ಆಮ್ಯಾಕೆ, ಮೊದ್ಲು ನಂಗೆ."

ಕಲ್ವರ್ ಪೊಲೀಸರಿಗೆ ಫೋನು ಹಚ್ಚಿದ. ಇನ್ನೊಂದು ಕೈಯಲ್ಲಿ ಪಟ್ಟಿ ಹಾಗೇ ಜೋತಾಡುತ್ತಿತ್ತು. ಮಾರ್ವೀನ್ ಪಕ್ಕದ ಮಿಷಿನ್‌ಗೆ ಬೆನ್ನು ಕೊಟ್ಟು ನಿಂತಳು. ಅಮ್ಮನ ಸೂಜಿ ಕಿತ್ತ ತೋಳಿನ ಮೇಲೆ ಕೌದಿಯ ಬಿಳಿ ಬಟ್ಟೆ ನಿಧಾನಕ್ಕೆ ಕೆಂಪಾಗುತ್ತಿತ್ತು.