ಎಕ್ಸ್‌ಟ್ರೀಮ್ಲಿ ಸಿನ್ಸಿಯರ್

ಬೆಳಗೊಳದ ನಮ್ಮ ಶಾಲೆಯ ವ್ಯಾನನ್ನು ಇಪ್ಪತ್ತೆಂಟು ವರ್ಷ ಓಡಿಸಿದ ಡ್ರೈವರಿಗೆ ಇವತ್ತು ಬೀಳ್ಕೊಡುಗೆ. ಸನ್ಮಾನ ಪತ್ರ ಬರೆದವರು ಇಂಗ್ಲಿಷ್ ಮೇಷ್ಟ್ರು ನಾಗೇಂದ್ರ. ‘ವೆರಿ’ ಅನ್ನುವುದು ದನ ಕಾಯುವವರ ಇಂಗ್ಲಿಷು ಎಂದು ಅವರ ನಂಬಿಕೆ. ಅದಕ್ಕೇ ವಾರವಿಡೀ ಡಿಕ್ಷನರಿ ಕೆದಕಿ ‘ಎಕ್ಸ್‌ಟ್ರೀಮ್ಲಿ ಸಿನ್ಸಿಯರ್, ಅಟರ್ಲಿ ಆನೆಸ್ಟ್, ಎಕ್ಸೀಡಿಂಗ್ಲಿ ಪಂಕ್ಚುಯಲ್’ ಎಂದು ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ತಂದಿದ್ದರು. ಒಂದೊಂದು ಪದಕ್ಕೂ ನಿಂತು, ಚಪ್ಪಾಳೆ ಬೀಳುವವರೆಗೆ ಕಾದು ಓದಿದರು. ನಾವೂ ತಟ್ಟಿದೆವು, ಅರ್ಥವಾದವರ ಹಾಗೆ.

ಮುದುಕ ಪತ್ರ ಈಸಿಕೊಂಡು ಮೊದಲ ಸಾಲನ್ನು ಅಕ್ಷರ ಕೂಡಿಸಿ ಓದಿದ. ‘ಮಿಸ್ಟರ್ ಸಾಬಣ್ಣ’ ಎಂದಿತ್ತು. ನಾವೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಬೇರೆ ಹೆಸರಿದೆಯೇ ಎಂದು ಯಾರೂ ಕೇಳಿರಲಿಲ್ಲ.

“ಮಾತೆಲ್ಲ ಬೋ ದೊಡ್ಡವು ಸಾ,” ಎಂದ. “ನನ್ನೆಸ್ರು ಗೌಸು.”