ಡ್ರಿಲ್ ಮೇಷ್ಟ್ರ ಗಂಟಲು

ಎಂಬತ್ತೆಂಟರ ಒಲಿಂಪಿಕ್ಸ್‌ನಲ್ಲಿ ಓಡಿ ಬಂದ ಖಲೀಮುಲ್ಲಾನಿಗೆ ಚಿಂತಾಮಣಿಯ ಮೈದಾನದಲ್ಲಿ ಸನ್ಮಾನ. ಒಲಿಂಪಿಕ್ಸ್‌ನಲ್ಲಿ ಅವನು ಮೊದಲ ಸುತ್ತಿನಲ್ಲೇ ಕೊನೆಯವನಾಗಿ ಬಂದಿದ್ದ. ಆದರೂ ಭಾರೀ ಹಾರ. ಹೈಸ್ಕೂಲಿನಲ್ಲಿ ಪ್ರತಿ ವರ್ಷ ಅವನನ್ನು ಸೋಲಿಸಿದ ನನಗೆ ಸಿಕ್ಕಿದ್ದು ಹಿಂದಿನ ಸಾಲಿನ ಮುರುಕು ಕುರ್ಚಿ.

ಹಾರ ಹಾಕಿಸಿಕೊಂಡ ಮೇಲೆ ಅವನು ಶಾಲೆಯ ಹುಡುಗರ ಜೊತೆ ಓಡಿ ತೋರಿಸಲು ಗೆರೆಯ ಮೇಲೆ ಬಗ್ಗಿದ. ಎಲ್ಲರೆದುರು ಒಮ್ಮೆಯಾದರೂ ಎಡವಟ್ಟು ಮಾಡಿಕೊಳ್ಳಲಿ ಎಂದು ನನಗೆ ಹೊಟ್ಟೆಕಿಚ್ಚು. ಸೀಟಿ ಊದುವ ಮೊದಲೇ, ನಮ್ಮ ಹಳೆಯ ಡ್ರಿಲ್ ಮೇಷ್ಟ್ರು ಅನಂತರಾಮಯ್ಯನವರ ಕೀರಲು ದನಿ ತೆಗೆದು ಕೂಗಿದೆ: "ರೆಡೀ... ಗೋ!"

ಹುಡುಗರೆಲ್ಲ ಓಡಿಬಿಟ್ಟರು. ಖಲೀಮುಲ್ಲಾ ಕದಲಲಿಲ್ಲ. ಬಗ್ಗಿದಲ್ಲೇ ನಕ್ಕ.

"ಲೇ ಚೆನ್ನಕೇಶವ, ಎಲ್ಲಿದೀಯೋ? ಸ್ಕೂಲಲ್ಲೂ ಹಿಂಗೇ ಕೂಗಿ, ನನ್ನನ್ನ ಮೊದ್ಲೇ ಓಡಿಸಿ, ಔಟ್ ಮಾಡಿಸ್ತಿದ್ದೆ ಅಲ್ವಾ? ನಿನ್ನ ಕಾಟಕ್ಕೇ ಕಣೋ ಅಸಲಿ ಸೀಟಿಗೆ ಕಾಯೋದು ಕಲ್ತಿದ್ದು. ಬಾರಪ್ಪ ಇಲ್ಲಿ!"

ವೇದಿಕೆಯ ಮೇಲಿದ್ದ ಹಾರ ತಂದು ನನ್ನ ಕೊರಳಿಗೇ ಹಾಕಿದ. "ಇನ್ನೊಂದ್ಸಲ ಮೇಷ್ಟ್ರ ಥರ ಕೂಗಪ್ಪ!" ಎಂದು ಜನ ಚಪ್ಪಾಳೆ ತಟ್ಟಿದರು.

ಹಾರವನ್ನು ಅವನ ಎತ್ತರಕ್ಕೆ ಕಟ್ಟಿಸಿದ್ದರು. ನನಗೆ ಮೊಣಕಾಲು ದಾಟಿತ್ತು. ಅದಕ್ಕೂ ಹೊಟ್ಟೆ ಉರಿಯಿತು.